ತಳಿ ಬಸ್ಸಿನ ವಾದ

ವೆಂಕಟೇಶಪ್ಪನವರಂಥ ಮೊಂಡ ಮನುಷ್ಯನನ್ನು ನಾನು ಇನ್ನೊಬ್ಬನ್ನ ಕಂಡಿಲ್ಲ. ಹೊಸೂರಿನ ಹತ್ತಿರ ತಳಿ ಅನ್ನೋ ಊರಿನ ಕನ್ನಡ ಶಾಲೆಯಲ್ಲಿ ಅವರು ಲೆಕ್ಕದ ಮೇಷ್ಟ್ರು, ನಾನು ವಿಜ್ಞಾನದ ಟೀಚರು. ಎಪ್ಪತ್ತೇಳರಲ್ಲಿ ಚಿಂತಾಮಣಿಯಿಂದ ಬಂದು ಅವಲಪಲ್ಲಿಯಲ್ಲಿ ಕೋಣೆ ಹಿಡಿದಿದ್ದೆ. ಶಾಲೆ ಬಿಟ್ಟ ಮೇಲೆ ನನ್ನನ್ನು ಮಾತಾಡಿಸುವವರು ಅಂತಿದ್ದರೆ ಹೊಸೂರು ಬಸ್ಸಿನಲ್ಲಿ ಅವರೊಬ್ಬರೇ. ಎಡಕ್ಕೆ ಹೆಂಗಸರ ಸೀಟಿನಲ್ಲಿ ನಾನು, ಬಲಕ್ಕೆ ಅವರು, ನಡುವೆ ಕೋಸಿನ ಮೂಟೆಗಳು. ಅವುಗಳ ಮೇಲಿಂದಲೇ ನಮ್ಮ ಜಗಳ.

"ಚಲನೆಯೆಲ್ಲಾ ಸಾಪೇಕ್ಷ ಟೀಚರ್. ಬಸ್ಸು ನಿಂತೈತೆ, ಹುಣಸೇಮರ ಹಿಂದಕ್ಕೆ ಓಡ್ತೈತೆ ಅಂದ್ರೂ ಸರೀನೇ."

"ಒಂದೇ ವೇಗದಲ್ಲಿ ಹೋಗ್ತಿದ್ರೆ ಸರಿ ಸಾರ್. ಬ್ರೇಕ್ ಹಾಕಿದ್ರೆ ಮುಗ್ಗರಿಸೋದು ನಾವು, ಮರ ಅಲ್ಲ. ವೇಗ ಬದಲಾಗಿದ್ದು ಯಾರದು ಅಂತ ಮೈಗೇ ಗೊತ್ತಾಗುತ್ತೆ. ವೇಗೋತ್ಕರ್ಷ ಸಾಪೇಕ್ಷ ಅಲ್ಲ."

"ಸುತ್ತ ಬೆಟ್ಟ, ನಕ್ಷತ್ರ ಎಲ್ಲಾ ಇರೋದ್ಕೇ ಮುಗ್ಗರಿಸ್ತೀವಿ. ಲೋಕದಾಗೆ ಇನ್ನೇನೂ ಇಲ್ಲ, ನೀವೊಬ್ರೇ ಇದೀರಿ ಅಂದ್ಕಳಿ. ಆಗ ಯಾವ ಜಗ್ಗೂ ಗೊತ್ತಾಗಾಕಿಲ್ಲ."

"ಒಬ್ಬಳೇ ಇದ್ದು ನೋಡಿದೀನಿ ಸಾರ್. ಚೆನ್ನಾಗಿ ಗೊತ್ತಾಗುತ್ತೆ."

"ಶುರುವಾಯ್ತಪ್ಪ ಇವ್ರಿಬ್ರದೂ!" ಎಂದು ಕಂಡಕ್ಟರ್ ಬಚ್ಚಪ್ಪ ಟಿಕೆಟ್ ಹರಿಯುತ್ತಿದ್ದ.

ಮೇಷ್ಟ್ರಿಗೆ ಕೃಷ್ಣಗಿರಿಗೆ ವರ್ಗವಾಯಿತು. ಕೊನೆಯ ಸಂಜೆ ಬಸ್ಸಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತಾ ನೇರವಾಗಿ ಕೇಳಿಯೇಬಿಟ್ಟರು.

"ನಮ್ಮವ್ವನ್ನ ಕರ್ಕಂಡು ನಿಮ್ಮೂರಿಗೆ ಹೆಣ್ಣು ಕೇಳಾಕೆ ಬತ್ತೀನಿ ಟೀಚರ್. ನಿಮ್ಗೆ ಒಪ್ಪಿಗೇನಾ?"

ಅಯ್ಯೋ, ನನಗೆ ಒಪ್ಪಿಗೆಯೇ ಇತ್ತು. ಸುತ್ತ ಬಸ್ಸು ತುಂಬ ಜನ. ನಾಚಿಕೆಗೆ ಬಾಯಿಗೆ ಬಂದದ್ದು ದಿನದ ಜಗಳದ ಮಾತೇ.

"ಮೊದಲು ವೇಗೋತ್ಕರ್ಷ ಸಾಪೇಕ್ಷ ಅಲ್ಲ ಅಂತ ಒಪ್ಕೊಳ್ಳಿ. ಆಮೇಲೆ ಹೇಳ್ತೀನಿ."

ಬೇರೆ ಯಾವ ಗಂಡಸಾದರೂ ನಕ್ಕು "ಒಪ್ಪಿದೆ" ಅನ್ನುತ್ತಿದ್ದ. ಈ ಮಹಾರಾಯರು ತಮ್ಮೂರಿನ ಗೇಟಿನ ಸ್ಟಾಪು ಬರುವವರೆಗೂ ಕೂತು ಯೋಚಿಸಿದರು!

"ಮನಸ್ಸು ಒಪ್ಪದೇ ಇರೋದ್ನ ನಿಮ್ಮ ಮುಂದೆ ಹೆಂಗೆ ಹೇಳ್ಲಿ ಟೀಚರ್?" ಎಂದು ಇಳಿದು ಹೋದರು. ತಮಾಷೆಗೆ ಅಂದೆ ಸಾರ್ ಎಂದು ಕೂಗುವಷ್ಟರಲ್ಲಿ ಬಸ್ಸು ಹೊರಟಿತ್ತು.

ಆಮೇಲೆ ಆ ಸೀಟಿನಲ್ಲಿ ಯಾರ್ಯಾರೋ ಕೂತರು. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಕಾದೆ. ಕೋಣೆಯಲ್ಲಿ ಒಬ್ಬಳೇ ಉಣ್ಣುವಾಗ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು ಓಡಿ ಬಂದರು. ಹಿಂದೆ ಹೊಸ ಅರಿಶಿನದ ತಾಳಿಯ ಹುಡುಗಿ, ಅವರ ಹೆಂಡತಿ ಕದಿರಮ್ಮ.

"ಟೀಚರ್, ವರ್ಷವೆಲ್ಲಾ ಓದ್ದೆ. ನೀವು ಹೇಳಿದ್ದೇ ಸರಿ. ವೇಗೋತ್ಕರ್ಷ ಸಾಪೇಕ್ಷ ಅಲ್ಲ. ಈಗ ಮನಸಾರೆ ಒಪ್ದೆ!" ಅಂದವರು ನನ್ನ ಮುಖ ನೋಡಿ ಥಟ್ಟನೆ ತಲೆ ತಗ್ಗಿಸಿದರು.

ಕದಿರಮ್ಮ ನಕ್ಕಳು. "ಸೋತ್ರೆ ಏನ್ ಕೊಡ್ಬೇಕು ಅಂತ ಪಂದ್ಯ ಕಟ್ಟಿದ್ರಿ ಅಕ್ಕಾ?"

"ಏನೂ ಇಲ್ಲಮ್ಮ," ಅಂದೆ. "ಸುಮ್ಮನೆ ಮಾತಿಗೆ."