ಜಗಲಿಯ ಮೇಲೊಂದು ಹಾರನ್

ಅಜ್ಜಂಪುರದಲ್ಲಿ ಯಾರ ಮನೆಯಲ್ಲಾದರೂ ಮೈಕ್‌ಸೆಟ್ಟಿನ ಹಾರನ್ ಕೂಗಿತೆಂದರೆ ಅಲ್ಲಿ ಶುಭಕಾರ್ಯ ಎಂದೇ ಲೆಕ್ಕ. ಕರೆಯದಿದ್ದರೂ ಬೀದಿಯವರು ಬಂದು ಬಾಗಿಲಲ್ಲಿ ಒಂದು ಗಳಿಗೆ ನಿಂತು ಹೋಗುತ್ತಾರೆ. ಹಾಗಾಗಿ ಸಹಕಾರ ಸಂಘದ ಗುಮಾಸ್ತ ಜಯದೇವ ಮೈಕ್‌ಸೆಟ್ ಅಂಗಡಿಗೆ ಹೋಗಿ ಭಾನುವಾರ ಹಾರನ್ ಬೇಕು ಎಂದಾಗ, ಅಂಗಡಿಯ ಬೀರಪ್ಪ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಕೈಮುಗಿದ.

"ಹೆಣ್ಣು ಎಲ್ಲೀದು ಜಯಣ್ಣ? ನಮ್ಗೊಂದ್ ಮಾತೂ ಹೇಳ್ಲಿಲ್ವಲ್ಲ!"

"ಮದ್ವೆ ಅಲ್ಲ ಕಣೋ. ಒಂದು ಹಾಡಿನ ಪ್ಲೇಟ್ ಕೇಳ್ಬೇಕು."

"ಒಂದ್ ಪ್ಲೇಟ್ ಕೇಳಕ್ಕೆ ಹಾರನ್ನಾ? ಒಂದ್ ಲೋಟ ನೀರಿಗೆ ಕೆರೆಗ್ ಬಿದ್ದಂಗಾಯ್ತು!"

ಬೀರಪ್ಪನೆಂದರೆ ಜಯದೇವನಿಗೆ ಇಷ್ಟ. ವರ್ಷಗಟ್ಟಲೆ ಮೈಕಿನ ಮುಂದೆ ಹಲೋ ಹಲೋ ಎಂದು ಕೂಗಿ, ಮೆಲ್ಲಗೆ ಮಾತಾಡುವುದನ್ನೇ ಮರೆತ ಗಂಟಲು ಅವನದು. ಊರಿನಲ್ಲಿ ಈಗ ಜಯದೇವನಿಗೆ ಕೇಳಿಸುತ್ತಿದ್ದುದು ಆ ಗಂಟಲೊಂದೇ. ಅದೂ ಎಡಗಿವಿಗೆ ಮಾತ್ರ, ಬಾವಿಯೊಳಗಿನಿಂದ ಬಂದಂತೆ.

ಇದು ಶಿವಮೊಗ್ಗದ ಡಾಕ್ಟರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನರ ಒಣಗುತ್ತಿದೆ, ಕಿವಿಗೆ ಮಿಷನ್ ಹಾಕಿಕೊಂಡರೂ ಬಹಳ ದಿನ ನಡೆಯುವುದಿಲ್ಲ ಎಂದು ಅವರು ಎಡಗಿವಿಗೆ ಬಾಯಿಟ್ಟು ಹೇಳಿದ್ದರು. ಮನೆಯಲ್ಲಿ ಅವನು ತಾಯಿ ವಿಶಾಲಾಕ್ಷಮ್ಮನ ತುಟಿ ನೋಡಿ ಉತ್ತರ ಕೊಡುತ್ತಿದ್ದ. ಸಂಘದಲ್ಲಿ ಅರ್ಧ ಮಾತಿಗೆ ಎದ್ದು ಹೋಗಿ ಗರ್ವದ ಮನುಷ್ಯ ಎನಿಸಿಕೊಂಡಿದ್ದ. ಕಿವುಡ ಎನಿಸಿಕೊಳ್ಳುವುದಕ್ಕಿಂತ ಅದೇ ವಾಸಿ ಎಂದುಕೊಂಡಿದ್ದ.

ಮೈಸೂರಿನಲ್ಲಿ ಬಿ.ಎ. ಓದುವಾಗ ಜೊತೆಗಿದ್ದ ರಮಾನಂದ ಈಗ ಬೆಂಗಳೂರಿನಿಂದ ಹೊಸ ರಾಕ್ ಆಲ್ಬಮ್‌ಗಳನ್ನು ರೈಲು ಪಾರ್ಸಲಿನಲ್ಲಿ ಕಳಿಸುತ್ತಿದ್ದ. ಕೇಳಿ, ಅನ್ನಿಸಿದ್ದನ್ನು ಜಯದೇವ ಬರೆದು ಕಳಿಸಬೇಕು. ರಮಾನಂದನೂ ಅವನಂಥ ನಾಲ್ಕಾರು ಜನರೂ ಸೈಕ್ಲೋಸ್ಟೈಲ್ ಮಾಡಿ ಹಂಚುವ ಹಾಳೆಗಳಲ್ಲಿ ಅದು ಬರುತ್ತಿತ್ತು. ಜಯದೇವನಿಗೆ ತಾನು ಬದುಕಿದ್ದೇನೆ ಅನ್ನಿಸುತ್ತಿದ್ದುದು ಆ ಎರಡು ಪುಟಗಳಲ್ಲೇ. ಕಳೆದ ಎರಡು ಸಲ ಅವನು ಏನನ್ನೂ ಕೇಳದೆ, ಹೊದಿಕೆಯ ಚಿತ್ರ ನೋಡಿ, ಹಾಡುಗಳ ಹೆಸರು ಓದಿ ಬರೆದಿದ್ದ. ಇಷ್ಟು ಚೆನ್ನಾಗಿ ನೀನು ಎಂದೂ ಬರೆದಿರಲಿಲ್ಲ ಎಂದು ರಮಾನಂದ ಹೊಗಳಿದ. ಆ ಕಾಗದವನ್ನು ಅವನು ಮಡಚಿ, ಕೇಳದ ಪ್ಲೇಟಿನ ಹೊದಿಕೆಯೊಳಗೇ ತುರುಕಿಟ್ಟ.

ಈ ಸಲದ್ದು ಇಂಗ್ಲೆಂಡಿನ ಯಾವುದೋ ಸಣ್ಣ ಊರಿನ ನಾಲ್ಕು ಹುಡುಗರು, ಯಾವ ಕಂಪನಿಯ ಹಂಗೂ ಇಲ್ಲದೆ ತಾವೇ ಮಾಡಿಕೊಂಡ ಆಲ್ಬಮ್. ಹೊದಿಕೆಯ ಮೇಲೆ ಬರೀ ಒಂದು ಒದ್ದೆ ಗೋಡೆ. ಸುಳ್ಳು ಹೊಸೆಯಲು ಅಲ್ಲಿ ಒಂದೆಳೆಯೂ ಸಿಗಲಿಲ್ಲ. ಮನೆಯ ಹಾಡಿನ ಪೆಟ್ಟಿಗೆಯಲ್ಲಿ ಪ್ಲೇಟ್ ಹಾಕಿ ಕಿವಿ ಒತ್ತಿದ. ಕೊನೆಗೆ ಪೆಟ್ಟಿಗೆಯ ಮರದ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ದವಡೆ ನಡುಗಿತು, ಹಾಡು ಬರಲಿಲ್ಲ. ಇದೊಂದನ್ನು ಕೇಳಿಬಿಡಬೇಕು, ಆಮೇಲೆ ಕಿವಿ ಎಲ್ಲಿಗಾದರೂ ಹೋಗಲಿ ಎಂದು ಅವನು ಬೀರಪ್ಪನ ಅಂಗಡಿಗೆ ನಡೆದದ್ದು ಆಗಲೇ.

ಭಾನುವಾರ ಬೆಳಿಗ್ಗೆ ಬೀರಪ್ಪ ಏಣಿ ತಂದ. ಹಾರನ್ ಮಾಡಿನ ಮೇಲೆ ಬೇಡ, ಜಗಲಿಯ ಮೇಲೆ ತನ್ನ ಮುಖಕ್ಕೆ ತಿರುಗಿಸಿ ಇಡು ಎಂದ ಜಯದೇವ.

"ಕಿವಿ ತೂತು ಬಿದ್ದೋಯ್ತದೆ ಜಯಣ್ಣ!"

"ಬೀಳ್ಲಿ ಬಿಡು."

ಬೀರಪ್ಪ ಅವನ ಬೆನ್ನ ಹಿಂದೆ ನಡುಮನೆಯಲ್ಲಿ ಯಂತ್ರ ಹೂಡಿ ಪ್ಲೇಟಿನ ಮೇಲೆ ಮುಳ್ಳು ಇಳಿಸಿದ. ಜಯದೇವ ಎಡಗಿವಿಯನ್ನು ಹಾರನ್ನಿನ ಬಾಯೊಳಗೆ ತೂರಿಸಿ ಕೂತ. ಮೊದಲು ಗಾಳಿ ಬಡಿದಂತಾಯಿತು. ಆಮೇಲೆ ನಗಾರಿ ಬಂತು. ದೂರದ ಕಣದಲ್ಲಿ ಯಾರೋ ಒಬ್ಬರೇ ರಾಗಿ ಬಡಿಯುತ್ತಿರುವಂತೆ. ಗಿಟಾರು ತಗಡಿನ ಮೇಲೆ ತಂತಿ ಎಳೆದ ಹಾಗೆ ಒಮ್ಮೆ ಬಂದು ಒಮ್ಮೆ ಹೋಗುತ್ತಿತ್ತು. ಹಾಡುವವನು ಮಾತ್ರ ಬರಲಿಲ್ಲ. ಒಂದು ಬದಿ ಮುಗಿದರೂ ಬರಲಿಲ್ಲ.

ಕಣ್ಣು ತೆರೆದಾಗ ಬೀದಿಯಲ್ಲಿ ಜನ. ಎದುರುಮನೆಯ ತೀರ್ಥಪ್ಪ ಏನೋ ಹೇಳಿ, ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಪ್ಲೇಟ್ ಮಗುಚುವ ಮೊದಲು ಬೀರಪ್ಪ ಬಗ್ಗಿ ಕೂಗಿದ: "ಗಿರಣಿ ಬೆಲ್ಟು ಕಿತ್ತೋಯ್ತಾ ಅಂತ ಕೇಳ್ತಾವ್ರೆ! ಹಾಡೋನ್ಗೆ ಹೊಟ್ಟೆನೋವಂತೆ!"

"ಹಾಡ್ತಾ ಇದಾನಾ?" ಎಂದು ಜಯದೇವ ಕೇಳಿಯೇಬಿಟ್ಟ.

"ಹಾಡೋದಾ? ಬಡ್ಕಂತಾವ್ನೆ!"

ವಿಶಾಲಾಕ್ಷಮ್ಮ ತಟ್ಟೆಯಲ್ಲಿ ಕೊಬ್ಬರಿ ಸಕ್ಕರೆ ಹಿಡಿದು ಬಂದು ಮಗನ ಮುಂದೆ ನಿಂತಳು. "ಬಂದೋರಿಗೆ ಏನ್ ಕಾರ್ಯ ಅಂತ ಹೇಳ್ಲೋ? ಮಾನ ಹೋಗ್ತಿದೆ ಕಣೋ," ಎಂದವು ಅವಳ ತುಟಿಗಳು.

"ಇನ್ನೊಂದೇ ಬದಿ ಅವ್ವ."

ಎರಡನೇ ಬದಿಗೆ ಅವನು ಹಾರನ್ನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕಣ್ಣು ಮುಚ್ಚಿದ. ಒಂದು ಹಾಡು ಹೋಯಿತು. ಇನ್ನೊಂದು ಹೋಯಿತು. ಮೂರನೆಯದರಲ್ಲಿ ನಗಾರಿಯ ಕೆಳಗೆ ಏನೋ ಹರಿದಾಡಿತು. ಬಾಗಿಲ ಸಂದಿಯಲ್ಲಿ ಗಾಳಿ ನುಸುಳಿದಂತೆ ತೆಳ್ಳಗೆ, ಮೇಲೆದ್ದು ಮುರಿಯಿತು. ಧ್ವನಿ. ಹುಡುಗನೊಬ್ಬನ ಧ್ವನಿ. ಅಳುತ್ತಿದ್ದಾನೋ, ಯಾರನ್ನೋ ಬೇಡುತ್ತಿದ್ದಾನೋ ತಿಳಿಯಲಿಲ್ಲ. ಜಯದೇವನ ಕಣ್ಣಲ್ಲಿ ನೀರು ಬಂತು. ಬಂದೆಯಾ, ಬಾ ಎಂದುಕೊಂಡ.

ತಟ್ಟನೆ ಎಲ್ಲವೂ ನಿಂತಿತು.

ಎಂಥ ಜಾಗದಲ್ಲಿ ನಿಲ್ಲಿಸಿದರು! ಹೊಸಬರಿಗೆ ನಿಲ್ಲುವುದು ಗೊತ್ತಿಲ್ಲ, ತುಂಬಿಸುವುದಷ್ಟೇ ಗೊತ್ತು ಎಂದು ಅವನು ಹಿಂದೆ ಎಷ್ಟೋ ಸಲ ಬರೆದಿದ್ದ. ಇವರಿಗೆ ಗೊತ್ತಿದೆ. ಧ್ವನಿಯನ್ನು ಎತ್ತಿ, ಕೈಬಿಟ್ಟು, ಕೇಳುವವನನ್ನು ಕತ್ತಲಲ್ಲಿ ನಿಲ್ಲಿಸಿದ್ದಾರೆ. ಮೌನ ಉದ್ದವಾಯಿತು. ಇಷ್ಟು ಹೊತ್ತು ಸುಮ್ಮನಿರುವ ಎದೆಗಾರಿಕೆ ಯಾವ ತಂಡದಲ್ಲೂ ಅವನು ಕಂಡಿರಲಿಲ್ಲ. ಬರೆಯಬೇಕಾದ ಸಾಲುಗಳು ಆಗಲೇ ಒಂದೊಂದಾಗಿ ಬರತೊಡಗಿದವು. ಈಗ ಬರುತ್ತಾನೆ, ಈಗ ಬಂದ ಎಂದು ಬೆರಳೆತ್ತಿ ಕಾದ.

ತೋಳಿನಲ್ಲಿದ್ದ ಹಾರನ್ ಅಲುಗಾಡಿತು. ಕಣ್ಣು ಬಿಟ್ಟರೆ ಬೀರಪ್ಪ ಅದನ್ನು ಎತ್ತಿಕೊಳ್ಳಲು ನೋಡುತ್ತಿದ್ದ.

"ಇರೋ! ಇನ್ನೂ ಮುಗ್ದಿಲ್ಲ!"

ಬೀರಪ್ಪ ಬಗ್ಗಿ ಎಡಗಿವಿಯ ಹತ್ತಿರ ಕೂಗಿದ: "ಏನ್ ಮುಗ್ದಿಲ್ಲ? ಹಿಂದ್ಲ ಬೀದಿ ದ್ಯಾವಮ್ಮ ತೀರ್ಕಂಡ್ಬಿಡ್ತು. ಸಾವಾಗಿರೋ ಕಡೆ ಮೈಕಾ ಅಂತ ತೀರ್ಥಪ್ನೋರು ಇಲ್ಲೇ ನಿಂತು ಬಾಯ್ ಬಡ್ಕಂಡ್ರಲ್ಲ! ಆಗ್ಲೇ ಮುಳ್ಳೆತ್ತಿ, ಬೀಡೀನೂ ಸೇದಿ ಬಂದೆ."

ಕೂಗಿದವನು ಹಾಗೇ ನಿಂತ. ಜಯದೇವನ ಮುಖ ನೋಡಿದ, ಇನ್ನೂ ಎತ್ತಿದ್ದ ಬೆರಳು ನೋಡಿದ. ಆಮೇಲೆ ಅವನ ಭುಜದಾಚೆಗೆ, ನಡುಮನೆಯ ಬಾಗಿಲ ಕಡೆ ನೋಡಿ ತಲೆ ತಗ್ಗಿಸಿದ.

ಬೀದಿ ಖಾಲಿಯಾಗಿತ್ತು. ಬೆನ್ನ ಹಿಂದೆ ಅವ್ವ ನಿಂತಿದ್ದಾಳೆ ಎಂದು ಜಯದೇವನಿಗೆ ಅರ್ಥವಾಯಿತು. ಕರೆಯುತ್ತಿದ್ದಾಳೆ, ನನಗೆ ಕೇಳಿಸುತ್ತದೋ ಇಲ್ಲವೋ ಎಂದು ನೋಡಲು ಹಿಂದಿನಿಂದ ಹೆಸರು ಹಿಡಿದು ಕರೆಯುತ್ತಿದ್ದಾಳೆ. ಬೀರಪ್ಪ ತಲೆ ತಗ್ಗಿಸಿದ್ದು ಅದಕ್ಕೇ. ಈಗ ತಿರುಗಿಬಿಟ್ಟರೆ ಉಳಿದೆ.

"ಏನವ್ವ? ಬಂದೆ!" ಎಂದು ಜೋರಾಗಿ ಅಂದು ಅವನು ತಿರುಗಿದ.

ವಿಶಾಲಾಕ್ಷಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಅವಳು ಕರೆದೇ ಇರಲಿಲ್ಲ.