ಏಳು ಮೊದಲೋ, ನಾಲ್ಕು ಮೊದಲೋ

ಉಡುಪಿ ಕಡೆಯ ಪ್ರಣೀತಾಳಿಗೆ ಬಂಗಾಳದ ಸೆಕ್ಟರ್ ಫೈವಿನ ಸಾಫ್ಟ್‌ವೇರ್ ಕೆಲಸ ಕಾಯಂ ಆಗಲು ಒಂದೇ ಒಂದು ವರದಿ ಬಾಕಿಯಿತ್ತು. ಕಂಪನಿಯ ಚಹಾ ತೂಕದ ಪ್ರೋಗ್ರಾಂ ಹಳೇ ಕಂಪ್ಯೂಟರುಗಳಲ್ಲಿ ಸಲೀಸಾಗಿ ಓಡುತ್ತಿತ್ತು. ಚಹಾ ಗೋದಾಮುಗಳ ಗಿರಾಕಿ ಈಗ ಬೇರೆ ಕಂಪನಿಯ ಪ್ರೊಸೆಸರಿರುವ ಇಪ್ಪತ್ತು ಹೊಸ ಕಂಪ್ಯೂಟರು ತರಿಸಿದ್ದ. ಅವುಗಳಲ್ಲೂ ಓಡುತ್ತದೆಯೇ ನೋಡಬೇಕು, ಅಷ್ಟೇ. ಈ ‘ಅಷ್ಟೇ’ ಎನ್ನುವ ಕೆಲಸಗಳೇ ಜೀವ ತಿನ್ನುವುದು.

ಎರಡು ಪ್ರೊಸೆಸರುಗಳಿಗೂ ಒಂದು ವಿಷಯದಲ್ಲಿ ಎಣ್ಣೆ ಸೀಗೆಕಾಯಿ. ಸಂಖ್ಯೆಯನ್ನು ಇಟ್ಟುಕೊಳ್ಳುವಾಗ ಒಂದು ಪ್ರೊಸೆಸರ್ ದೊಡ್ಡ ಸ್ಥಾನದ ಅಂಕಿಯನ್ನು ಮೊದಲಿಡುತ್ತದೆ, ಇನ್ನೊಂದು ಚಿಕ್ಕದನ್ನು. ಪ್ರೋಗ್ರಾಂ ತಿರುಗಿಸಿ ಓದದಿದ್ದರೆ ನಲವತ್ತೇಳು ಹೋಗಿ ಎಪ್ಪತ್ನಾಲ್ಕಾಗುತ್ತದೆ. ಪ್ರಣೀತಾ ಆ ತಿದ್ದುಪಡಿ ಮಾಡಿದಳು. ಗೋದಾಮಿನವರು ತಕ್ಕಡಿ ನೋಡಿ ಫೋನಿನಲ್ಲಿ ಹೇಳಿದ ತೂಕಗಳನ್ನು ಬರೆದುಕೊಂಡು ಕಂಪ್ಯೂಟರಿನ ಪಟ್ಟಿಗೆ ತಾಳೆ ನೋಡಿದಳು. ಡಮ್ ಡಮ್ ಗೋದಾಮಿನ ಹಳೇ ಕಂಪ್ಯೂಟರಿನಲ್ಲಿ ಎಲ್ಲ ಸರಿ. ಖಿದಿರ್‌ಪುರದ ಗೋದಾಮಿನ ಹೊಸದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ತಿರುಗುಮುರುಗು. ಎರಡು ದಿನ ಕೋಡ್ ಜಾಲಾಡಿದರೂ ತಪ್ಪು ಸಿಗಲಿಲ್ಲ. ಸಾಕಾಗಿ, ಪ್ರೊಸೆಸರೇ ಸರಿಯಿಲ್ಲ ಎಂದು ಬರೆದುಕೊಟ್ಟಳು.

ಮ್ಯಾನೇಜರ್ ಪುರುಷೋತ್ತಮ ಮೈಸೂರಿನವರು. “ಭೇಷ್ ಕಣಮ್ಮ. ಸೋಮವಾರ ನಿನ್ ಕಾಯಂ ಪತ್ರ ಕೊಡಿಸ್ತೀನಿ,” ಎಂದರು.

ಶುಕ್ರವಾರ ಕಂಪ್ಯೂಟರುಗಳನ್ನು ವಾಪಸು ಕಳಿಸುವ ಕಾಗದಕ್ಕೆ ಸಹಿ ಹಾಕಲು ಅವಳು ಖಿದಿರ್‌ಪುರಕ್ಕೆ ಹೋದಳು. ತೂಕದವನು ಚಹಾ ಚೀಲ ಇಟ್ಟು “ಸಾತ್‌ಚೊಲ್ಲಿಶ್” ಎಂದು ಕೂಗಿದ. ಫೋನಿನಲ್ಲಿ ಕೇಳಿದ್ದ ಅದೇ ದನಿ. ಅವಳ ಕೈ ಕೇಳಿದ ಹಾಗೇ ಏಳು ಬರೆದು, ಪಕ್ಕದಲ್ಲಿ ನಾಲ್ಕು ಬರೆಯಿತು. ತಲೆಯೆತ್ತಿ ನೋಡಿದರೆ ತಕ್ಕಡಿಯ ಮುಳ್ಳು ನಲವತ್ತೇಳರ ಮೇಲೆ ನಿಂತಿತ್ತು.

ನಲವತ್ತೇಳಕ್ಕೆ ಬಂಗಾಳಿಗಳು ಏಳನ್ನು ಮೊದಲು ಹೇಳಿ ನಲವತ್ತನ್ನು ಆಮೇಲೆ ಹೇಳುತ್ತಾರೆ. ಡಮ್ ಡಮ್ಮಿನ ಸ್ಟೋರ್‌ಕೀಪರ್ ಹಯವದನರಾಯರು ಅವಳ ಊರ ಕಡೆಯವರು, ತೂಕ ಹೇಳಿದ್ದು ಕನ್ನಡದಲ್ಲಿ. ಪ್ರೋಗ್ರಾಮೂ ಸರಿ, ಪ್ರೊಸೆಸರೂ ಸರಿ. ತಿರುಗಿಸಿ ಓದಬೇಕಾಗಿದ್ದವಳು ಅವಳೇ.

ಪ್ರಣೀತಾಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಕೂಲಿಯವರು ಮೊದಲ ಪೆಟ್ಟಿಗೆಯನ್ನು ವ್ಯಾನಿಗೆ ಏರಿಸುತ್ತಿದ್ದರು. ಅವಳು ಪುರುಷೋತ್ತಮರಿಗೆ ಫೋನು ಮಾಡಿದಳು.

“ಸರ್, ಪ್ರೊಸೆಸರ್ ಸರಿ ಉಂಟು. ತಪ್ಪು ಬರೆದದ್ದು ನಾನು.” ನಡೆದದ್ದನ್ನೆಲ್ಲ ಹೇಳಿದಳು.

ಪುರುಷೋತ್ತಮ ದನಿ ತಗ್ಗಿಸಿದರು. “ಬೇರೆ ಯಾರಿಗಾದ್ರೂ ಗೊತ್ತಾ?”

“ಇಲ್ಲ ಸರ್.”

“ವರದಿ ವಾಪಸ್ ತಗೊಂಡ್ರೆ ಸೋಮವಾರದ ಪತ್ರ ನನ್ ಕೈಲಿರಲ್ಲಮ್ಮ. ಯೋಚ್ನೆ ಮಾಡಿ ಹೇಳು.”

ಪ್ರಣೀತಾ ಫೋನನ್ನು ಕಿವಿಯಿಂದ ತೆಗೆಯದೆಯೇ ಕೂಲಿಯವರತ್ತ ತಿರುಗಿ, “ನಾಮಾನ್ ದಾದಾ,” ಎಂದು ಪೆಟ್ಟಿಗೆ ಕೆಳಗಿಳಿಸಲು ಬಂಗಾಳಿಯಲ್ಲಿ ಹೇಳಿದಳು. ಅದು ಪುರುಷೋತ್ತಮರಿಗೂ ಕೇಳಿಸಿತು.