ಗೀಟು ಬೀಳದ ಸೊನ್ನೆ

ಹುಲಿಗೆಮ್ಮ ರಟ್ಟಿನ ಪುಸ್ತಕವನ್ನು ಸತ್ತ ತಮ್ಮ ಬೋರಯ್ಯನ ಎದೆಯ ಮೇಲಿಟ್ಟು ಕಂಬಳಿಯ ಅಂಚು ಎಳೆಯುತ್ತಿದ್ದಳು. ಎಲೆಯಡಿಕೆ ಚೀಲ, ಕನ್ನಡಕ ಆಗಲೇ ಒಳಗೆ ಸೇರಿದ್ದವು. ಸತ್ತವರ ಪ್ರೀತಿಯ ವಸ್ತುಗಳನ್ನು ಅವರ ಜತೆಗೇ ಕುಣಿಗೆ ಹಾಕುವುದು ಆ ಮನೆಯ ರೂಢಿ.

"ಅದು ಬ್ಯಾಡ ಅತ್ತೆ," ಎಂದಳು ಉಚ್ಚಂಗೆಮ್ಮ.

ಯಾರಿಗೂ ಕೇಳಿಸಲಿಲ್ಲ. ಬಿ.ಎಸ್ಸಿ. ಮುಗಿಸಿದ್ದರೂ ನಾಲ್ಕು ಜನರೆದುರು ಅವಳ ದನಿ ಗಂಟಲು ದಾಟುತ್ತಿರಲಿಲ್ಲ. ನಾಲ್ಕು ತಿಂಗಳು ಚಿಕ್ಕಪ್ಪನ ಹಾಸಿಗೆ ಒಗೆದು ಒಗೆದು, ಅಳುವುದಕ್ಕೂ ತ್ರಾಣ ಉಳಿದಿರಲಿಲ್ಲ.

"ಪ್ರೀತಿ ಅಂತ ಹಾಕ್ತಿಲ್ಲ ಕಣ್ಲೇ ಮೂರ್ತಿ," ಹುಲಿಗೆಮ್ಮ ಇನ್ನೊಬ್ಬ ತಮ್ಮನಿಗೆ ಹೇಳಿದಳು. "ಈ ಪೀಡೆ ಇವನ ಜತಿಗೇ ಮಣ್ಣಾಗ್ಲಿ. ಅವ್ವನ್ನ ಇದ್ರಾಗೆ ಕಪ್ಪು ಮಾಡ್ದ, ಅವ್ವ ಹೋದ್ಲು. ನಮ್ಮಕ್ಕ ಓಬಕ್ಕನ್ನ ಮಾಡ್ದ, ಓಬಕ್ಕ ಹೋದ್ಲು."

"ಊರಿಗೆಲ್ಲ ಹೇಳ್ದೋನು ತನ್ನ ಹೊಟ್ಟೆ ನೋಡ್ಕಳ್ಳಿಲ್ಲ," ಎಂದ ಉಚ್ಚಂಗೆಮ್ಮನ ಅಪ್ಪ ಮೂರ್ತಪ್ಪ. "ಆತು, ಕಟ್ಟಕ್ಕ. ಬಿಸ್ಲು ಏರ್ತಾ ಐತೆ. ಹೋಗಾಣ."

*

ಬೋರಯ್ಯ ಚಿತ್ರದುರ್ಗದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ರಜೆ ಬಂತೆಂದರೆ ಜವನಗೊಂಡನಹಳ್ಳಿ, ಆದಿವಾಲದ ನೆಂಟರ ಮನೆಗಳಿಗೆ ಸೈಕಲ್ ತುಳಿದು, ಯಾರು ಎಷ್ಟನೇ ವಯಸ್ಸಿಗೆ ಹೊಟ್ಟೆಗಂಟಿನಿಂದ ಸತ್ತರೆಂದು ಕೇಳುತ್ತಿದ್ದ. ರಟ್ಟಿನ ಪುಸ್ತಕದಲ್ಲಿ ಗಂಡಸಿಗೊಂದು ಚೌಕ, ಹೆಂಗಸಿಗೊಂದು ಸೊನ್ನೆ. ಕರುಳಿನ ಕ್ಯಾನ್ಸರ್ ಬಂದರೆ ಒಳಗೆ ಕಪ್ಪು, ಸತ್ತರೆ ಮೇಲೊಂದು ಗೀಟು. ಇಪ್ಪತ್ತು ವರ್ಷ ಹೀಗೆ ಅಲೆದು, ೧೯೭೧ರಲ್ಲಿ ಒಂದು ಲೇಖನ ಅಚ್ಚಾಯಿತು. ಆರೇ ಪುಟ. ಆಮೇಲೆ ಅದರ ಪ್ರತಿ ಕೇಳಿ ಹೊರದೇಶಗಳಿಂದ ಕಾರ್ಡುಗಳು ಬರತೊಡಗಿದವು.

ಲಕೋಟೆಗಳ ಮೇಲೆ ವಿಳಾಸ ಬರೆಯುತ್ತ ಉಚ್ಚಂಗೆಮ್ಮ ಒಮ್ಮೆ ಕೇಳಿದ್ದಳು: "ಇಷ್ಟು ವರ್ಷಕ್ಕೆ ಒಂದೇನಾ ಚಿಕ್ಕಪ್ಪ?"

"ಇನ್ನೊಂದು ಬರೀಬೇಕಂದ್ರೆ ಇನ್ನೊಂದಿಷ್ಟು ಜನ ಸಾಯ್ಬೇಕು ಕಣವ್ವ. ಬರೆಯೋಂಗೆ ಆಗ್ದೇ ಇರ್ಲಿ ಅಂತ್ಲೇ ಸೈಕಲ್ ತುಳೀತಿದೀನಿ."

*

ಹೆಗಲು ಕೊಡಲು ಬಂದಿದ್ದ ಅಂಚೆಯ ಚಿಕ್ಕತಿಮ್ಮಪ್ಪ ಚೀಲದಿಂದ ಒಂದು ಕಾರ್ಡು ತೆಗೆದ. "ಈ ಸಲ ಜಪಾನು. ಮೇಷ್ಟ್ರಿಲ್ದೇ ಇದ್ದಿದ್ರೆ ಈ ಊರಿಗೆ ಅಂಚೆಯವನೇ ಬೇಕಿರ್ಲಿಲ್ಲ ಬಿಡ್ರಿ. ಇದ್ನೂ ಎದೆ ಮ್ಯಾಲಿಡ್ಲಾ?"

ಉಚ್ಚಂಗೆಮ್ಮ ಕಾರ್ಡು ಇಸಿದುಕೊಂಡು ಓದಿದಳು. ಅಚ್ಚಾದ ಸಾಲುಗಳ ಕೆಳಗೆ ಯಾರೋ ಕೈಯಲ್ಲಿ ಬರೆದಿದ್ದರು: ಆ ಮನೆತನದವರು ಈಗ ಹೇಗಿದ್ದಾರೆ?

ಕಂಬಳಿಗೆ ಹಗ್ಗ ಬೀಳುತ್ತಿತ್ತು.

"ಅತ್ತೆ, ಆ ಪುಸ್ತಕದಾಗೆ ನೀನೂ ಇದೀಯ."

ಈ ಸಲ ಎಲ್ಲರಿಗೂ ಕೇಳಿಸಿತು. ಹುಲಿಗೆಮ್ಮನ ಕೈ ನಿಂತಿತು.

"ಕಪ್ಪಾಗಿದೀನಾ?"

"ಆಗಿದೀಯ. ಎಂಟು ವರ್ಷ ಆತು." ಉಚ್ಚಂಗೆಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಮ್ಯಾಲೆ ಗೀಟಿಲ್ಲ. ರಕ್ತ ಹೋಗ್ತಿದ್ದುದನ್ನ ನೀನು ಯಾರಿಗೂ ಹೇಳಿರ್ಲಿಲ್ಲ. ಇದ್ರಾಗೆ ನಿನ್ನ ವಯಸ್ಸು ನೋಡಿ ಚಿಕ್ಕಪ್ಪನೇ ಬಂದು ಕೇಳಿದ್ದು. ದಾವಣಗೆರೆಗೆ ಕರ್ಕಂಡು ಹೋಗಿ ಆಪರೇಷನ್ ಮಾಡ್ಸಿದ್ದು. ಮುಂದೆ ಯಾರನ್ನ ಕರ್ಕಂಡು ಹೋಗ್ಬೇಕು ಅನ್ನೋದೂ ಅದ್ರಾಗೇ ಐತೆ."

ಹುಲಿಗೆಮ್ಮನ ಅಂಗೈ ಸೆರಗಿನಡಿ ಹೋಗಿ ಹೊಲಿಗೆಯ ಗುರುತಿನ ಮೇಲೆ ಕೂತಿತು. ಆಮೇಲೆ ಅವಳು ಹಗ್ಗ ಸಡಿಲಿಸಿ, ತಮ್ಮನ ನಿದ್ದೆ ಕೆಡಿಸಬಾರದೆಂಬಂತೆ, ಪುಸ್ತಕವನ್ನು ಮೆಲ್ಲಗೆ ಎಳೆದುಕೊಂಡಳು.

"ಹಿಡಿ. ನನ್ ಮಕ್ಕಳ ವಯಸ್ಸು ಸರಿಯಾಗಿ ಬರ್ದವ್ನೋ ಇಲ್ವೋ ನೋಡು. ತಿಥಿ, ವಾರ ಒಂದೂ ನೆಪ್ಪಿರ್ತಿರ್ಲಿಲ್ಲ ಅವನಿಗೆ."

*

ಮಣ್ಣು ಮಾಡಿ ಬಂದು, ಎಲ್ಲರೂ ತಲೆಗೆ ನೀರು ಹಾಕಿಕೊಂಡಾಗಿತ್ತು. ಉಚ್ಚಂಗೆಮ್ಮ ಜಗುಲಿಯ ಮೇಲೆ ಒದ್ದೆ ಕೂದಲಲ್ಲೇ ಕೂತು, ಪೆನ್ಸಿಲ್ ಹೆರೆದು, ಪುಸ್ತಕ ತೆರೆದಳು. ಬೋರಯ್ಯನ ಚೌಕ ಇನ್ನೂ ಖಾಲಿ ಇತ್ತು. ಅಂಚು ದಾಟದಂತೆ ನಿಧಾನವಾಗಿ ತುಂಬಿದಳು. ಗೀಟು ಎಳೆಯುವಾಗ ಎರಡು ಸಲ ಕೈ ನಿಂತಿತು.

ಮೂರ್ತಪ್ಪ ಬಂದು ಪಕ್ಕದಲ್ಲಿ ಕುಕ್ಕರಿಸಿದ. ಕಪ್ಪು ಚೌಕದ ಪಕ್ಕದಲ್ಲೊಂದು ಬಿಳಿ ಚೌಕ, ಅದರ ಕೆಳಗೊಂದು ಬಿಳಿ ಸೊನ್ನೆ.

"ಇದು ನಾನೇನವ್ವ?"

"ಹೂಂ."

"ಕೆಳಗೆ?"

ಅವಳು ಪೆನ್ಸಿಲ್ ತುದಿಯನ್ನು ತನ್ನ ಎದೆಯತ್ತ ತಿರುಗಿಸಿ ತೋರಿಸಿದಳು. ಸ್ನಾನವಾಗಿದ್ದರೂ ಕುಣಿಯ ಮಣ್ಣು ಉಗುರಿನ ಸಂದಿಯಲ್ಲಿ ಉಳಿದಿದ್ದ ಬೆರಳನ್ನು ಮೂರ್ತಪ್ಪ ತನ್ನ ಚೌಕದಿಂದ ಇಳಿಸಿ, ಆ ಸೊನ್ನೆಯನ್ನು ಮುಚ್ಚಿ ಹಿಡಿದ.